ಬೆರಳಿಗಂಟಿದ ಹುಳಿ

ಡಿಸೆಂಬರ್ ಕೊನೆಯ ಒಂದು ಭಾನುವಾರ ಸಂಜೆ ಬೆಂಗಳೂರಿನ ನಮ್ಮ ಬೀದಿಯ ಮೂಲೆಯಲ್ಲಿ ತಳ್ಳುಗಾಡಿಯವನೊಬ್ಬ ಹಸಿ ಕಡಲೆಗಿಡದ ಕಟ್ಟುಗಳನ್ನು ಪೇರಿಸಿಕೊಂಡು ನಿಂತಿದ್ದ. ಎರಡು ಕಟ್ಟು ಕೊಂಡು ತಂದೆ. ಅಡುಗೆಮನೆಯ ನೆಲಕ್ಕೆ ಹಳೆಯ ಪೇಪರು ಹಾಸಿ, ಕಾಲು ಚಾಚಿ ಕೂತು ಒಂದೊಂದೇ ಕಾಯಿ ಬಿಡಿಸತೊಡಗಿದೆ. ಹತ್ತು ನಿಮಿಷ ಕಳೆದಿರಬೇಕು. ಮುಖದ ಮೇಲೆ ಬಿದ್ದ ಕೂದಲು ಸರಿಸಲು ಹೋಗಿ ಬೆರಳು ತುಟಿಗೆ ತಾಗಿತು. ಹುಳಿ. ಉಪ್ಪು ಬೆರೆತಂಥ, ನಾಲಗೆಯ ಅಂಚಿಗೆ ಚುರುಕ್ಕೆನ್ನುವ ಹುಳಿ. ಆ ರುಚಿ ನನ್ನ ಬಾಯಿಗೆ ಬಂದು ಎಷ್ಟು ವರ್ಷವಾಗಿತ್ತೋ. ಕೈಯಲ್ಲಿದ್ದ ಗಿಡವನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಕಡಲೆಗಿಡದ ಎಲೆ, ಕಾಂಡ, ಕಾಯಿ ಎಲ್ಲದರ ಮೇಲೂ ಸಣ್ಣ ಸಣ್ಣ ರೋಮಗಳಿರುತ್ತವೆ. ಅವು ಒಸರುವ ರಸದಲ್ಲಿ ಮ್ಯಾಲಿಕ್ ಆಮ್ಲ ಇರುತ್ತದೆ, ಜೊತೆಗೆ ಆಕ್ಸಾಲಿಕ್ ಆಮ್ಲವೂ. ಇದನ್ನು ನಾನು ಓದಿ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ನಮ್ಮೂರಿನಲ್ಲಿ ಅದಕ್ಕೆ ಇದ್ದ ಹೆಸರು ಕಡಲೆ ಹುಳಿ, ಅಷ್ಟೇ. ಚಳಿಗಾಲದ ರಾತ್ರಿ ಹೊಲದ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಇಬ್ಬನಿಯಿಂದ ತೊಯ್ದ ಆ ಬಟ್ಟೆಯನ್ನು ಹಿಂಡಿ ಬಾಟಲಿಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವೆಂದರೆ ಅದರದೇ ಒಂದು ಚಮಚ.

ಅಂದು 2024ರ ಡಿಸೆಂಬರ್ 29. ಮರುದಿನ ಸೋಮವಾರ ಎಳ್ಳಮಾವಾಸ್ಯೆ. ನಾನು ಕಡಲೆ ಬಿಡಿಸುತ್ತಿದ್ದದ್ದು ಭಜ್ಜಿಗಾಗಿ.

ಭಜ್ಜಿ ಎಂದರೆ ಬೆಂಗಳೂರಿನವರಿಗೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ. ನನ್ನ ಮಗಳಿಗೂ ಅದೇ. ಬೀದರ್, ಕಲಬುರಗಿ ಕಡೆಯವರಿಗೆ ಎಳ್ಳಮಾವಾಸ್ಯೆಯ ಭಜ್ಜಿ ಬೇರೆಯೇ. ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿ ಕಾಳು, ಕಾಯಿ, ಸೊಪ್ಪು ಸಿಗುತ್ತದೋ ಅದನ್ನೆಲ್ಲ ಕೂಡಿಸಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕದಡಿ ಗಟ್ಟಿಯಾಗಿ ಕುದಿಸಿದ ಪದಾರ್ಥ. ಅದಕ್ಕೆ ಜೊತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಅಂಬಲಿ, ಕಡುಬು. ಮಾರ್ಗಶಿರದ ಅಮಾವಾಸ್ಯೆಯಂದು ಇದನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಜೋಳ ತೆನೆ ಕಟ್ಟುವ ಕಾಲ ಅದು. ಭೂಮಿತಾಯಿ ಬಸುರಿ, ಬಯಕೆ ತೀರಿಸಬೇಕು ಎನ್ನುತ್ತಿದ್ದರು ನಮ್ಮ ಆಯಿ, ಅಂದರೆ ಅಪ್ಪನ ತಾಯಿ.

ಗಡಿಯಾಚೆಯ ಲಾತೂರ, ಉದಗೀರ ಕಡೆ ಇದೇ ಹಬ್ಬಕ್ಕೆ ವೇಳ ಅಮಾವಾಸ್ಯೆ ಎಂದು ಹೆಸರು. ಅಲ್ಲೂ ಭಜ್ಜಿ, ಅಲ್ಲೂ ಅಂಬಲಿ. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ನಿಜಾಮನ ಕಾಲದಲ್ಲಿ ಬೀದರ್ ಜಿಲ್ಲೆಯೊಳಗೇ ಇದ್ದವು. 1956ರಲ್ಲಿ ಭಾಷಾವಾರು ಪ್ರಾಂತ್ಯ ಆದಾಗ ಅವು ಆ ಕಡೆ ಹೋದವು, ನಾವು ಈ ಕಡೆ ಬಂದೆವು. ಉದಗೀರದಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ಚಿಕ್ಕಮ್ಮನಿಗೆ ಕನ್ನಡ ಹಿಡಿತಕ್ಕೆ ಬರಲು ಎರಡು ವರ್ಷ ಬೇಕಾಯಿತು. ಭಜ್ಜಿ ಮಾಡುವುದನ್ನು ಮಾತ್ರ ಅವರಿಗೆ ಯಾರೂ ಕಲಿಸಬೇಕಾಗಲಿಲ್ಲ.

ನಮ್ಮದು ಭಾಲ್ಕಿ ಕಡೆಯ ಕಪ್ಪುಮಣ್ಣಿನ ಒಂದು ಹಳ್ಳಿ. ನಾನು ಹೇಳುತ್ತಿರುವುದು 1970ರ ದಶಕದ ಕೊನೆಯ ವರ್ಷಗಳ ಮಾತು. ಹಬ್ಬಕ್ಕೆ ವಾರ ಇರುವಾಗಲೇ ಕಲಾಯಿ ಹಾಕುವವನು ಬರುತ್ತಿದ್ದ. ಭಜ್ಜಿ ಕುದಿಯುವ ಪಾತ್ರೆ ತಾಮ್ರದ್ದು. ಒಳಗೆ ಕಲಾಯಿ ಸವೆದಿದ್ದರೆ ಹುಣಸೆಹುಳಿ ತಾಮ್ರವನ್ನು ತಿಂದು ಅಡುಗೆ ಕಿಲುಬು ಹಿಡಿಯುತ್ತದೆ. ಅಂಗಳದಲ್ಲಿ ಕುಳಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರದ ಪುಡಿ ಹಾಕಿ ಅರಳೆಯಿಂದ ತವರ ಒರೆಸಿದಾಗ ಕಪ್ಪು ಪಾತ್ರೆಯೊಳಗೆ ಬೆಳದಿಂಗಳು ಹರಡಿದಂತಾಗುತ್ತಿತ್ತು. ಅದನ್ನು ನೋಡಲು ನಾವು ಮಕ್ಕಳು ಮುತ್ತಿಕೊಳ್ಳುತ್ತಿದ್ದೆವು.

ಹಬ್ಬದ ಹಿಂದಿನ ದಿನ ಕಾಯಿ ಬಿಡಿಸುವ ದಿನ. ಮಧ್ಯಾಹ್ನದಿಂದಲೇ ಪಡಸಾಲೆಯಲ್ಲಿ ರಾಶಿ ಬೀಳುತ್ತಿತ್ತು. ಹಸಿ ತೊಗರಿಕಾಯಿ, ಅವರೆಕಾಯಿ, ಕಡಲೆಗಿಡ. ಒಂದೊಂದಕ್ಕೆ ಒಂದೊಂದು ಕೈಚಳಕ ಬೇಕು. ತೊಗರಿಕಾಯಿಯನ್ನು ಬೆನ್ನಿನ ಕಡೆಯಿಂದ ಸೀಳಬೇಕು. ಅವರೆಕಾಯಿಯ ಸೊನೆಗೆ ಉಗುರು ಕಪ್ಪಾಗುತ್ತದೆ. ಕಡಲೆಕಾಯಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಪಟ್ಟೆಂದು ಒಡೆಯುತ್ತದೆ, ಒಳಗೆ ಒಂದೋ ಎರಡೋ ಕಾಳು. ಒಂದು ಬೊಗಸೆ ಕಾಳಿಗೆ ಅರ್ಧ ಗಂಟೆ. ಹತ್ತು ಹನ್ನೆರಡು ಹೆಣ್ಣುಕೈಗಳು ಕತ್ತಲಾಗುವ ತನಕ ಬಿಡಿಸಿದರೆ ಎರಡು ಬುಟ್ಟಿ ತುಂಬುತ್ತಿತ್ತು. ಗಂಡಸರು ಆ ಪಡಸಾಲೆ ದಾಟಿ ಹೋಗುತ್ತಿದ್ದರು, ಕೂರುತ್ತಿರಲಿಲ್ಲ. ನಾನು ಅದನ್ನು ಆಗ ಗಮನಿಸಿರಲೇ ಇಲ್ಲ.

ಸೊಪ್ಪು ತರುತ್ತಿದ್ದವರು ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಒಬ್ಬ ಹೆಂಗಸು. ನನ್ನ ಅವ್ವನಿಗಿಂತ ಹತ್ತು ವರ್ಷ ದೊಡ್ಡವರು. ಏಳು ವರ್ಷದ ನಾನು ಅವರನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದೆ. ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ಅದು ತಪ್ಪೆಂದು ಯಾರೂ ನನಗೆ ಹೇಳಲಿಲ್ಲ. ಹಿಂಗಾರಿಯಲ್ಲಿ ಕೂರಿಗೆಯ ಹಿಂದೆ ನಡೆಯುತ್ತ ಅಕ್ಕಡಿ ಸಾಲಿಗೆ ಬೀಜ ಬಿಡುತ್ತಿದ್ದವರು ಅವರೇ. ಬಿಳಿಜೋಳದ ನಡುನಡುವೆ ಕಡಲೆ, ಅಗಸೆ, ದನ ನುಗ್ಗದಂತೆ ಅಂಚಿನಲ್ಲಿ ಮುಳ್ಳಿನ ಕುಸುಬೆ, ಬದುವಿನ ಮೇಲೆ ಅವರೆಬಳ್ಳಿ. ಯಾವ ಸಾಲಿನಲ್ಲಿ ಏನಿದೆ ಎಂಬುದು ನನ್ನ ಅಜ್ಜನಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಹಬ್ಬದ ಹಿಂದಿನ ಸಂಜೆ ಸೆರಗಿನ ಮಡಿಲಲ್ಲಿ ಸೊಪ್ಪು ತುಂಬಿಕೊಂಡು ಬಂದು ಹಿತ್ತಿಲ ಬಾಗಿಲಲ್ಲಿ ನಿಂತು, ನಮ್ಮ ಮೊರದೊಳಗೆ ಮೇಲಿನಿಂದ ಸುರಿಯುತ್ತಿದ್ದರು. ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಚುಕ್ಕಿ ಪಲ್ಯ, ಹತ್ತರಕಿ, ಎಳೆ ಕುಸುಬೆ. ಇನ್ನೂ ಒಂದೆರಡು ಇರುತ್ತಿದ್ದವು, ಅವುಗಳ ಹೆಸರು ನನಗೆ ಗೊತ್ತಾಗಲೇ ಇಲ್ಲ. ಆಯಿ ಅದನ್ನು ಆರಿಸುತ್ತಲೂ ಇರಲಿಲ್ಲ. ಹಾಗೇ ಹೆಚ್ಚಿ ಹಾಕುತ್ತಿದ್ದರು.

ಊರಲ್ಲಿ ಆಯಿಯ ಭಜ್ಜಿಗೆ ದೊಡ್ಡ ಹೆಸರು. ಬೇರೆಯವರ ಹೊಲದಿಂದ ಬಟ್ಟಲು ಹಿಡಿದು ಬರುವವರಿದ್ದರು. ಅವರ ಕೈಗುಣ ಎನ್ನುತ್ತಿದ್ದರು ಎಲ್ಲರೂ. ಕೈಗುಣ ನಿಜಕ್ಕೂ ಇತ್ತು. ಕಾಳುಗಳನ್ನು ಮೊದಲು ಬರೀ ನೀರಿನಲ್ಲಿ ಬೇಯಿಸಬೇಕು, ಉಗುರಿನಲ್ಲಿ ಒತ್ತಿದರೆ ಹಿಸುಕುವಷ್ಟು. ಆ ತನಕ ಹುಣಸೆ ಮುಟ್ಟುವಂತಿಲ್ಲ. ಹುಳಿ ಬಿದ್ದರೆ ಕಾಳು ಬಿಗಿದುಕೊಳ್ಳುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದ ಮೊದಲ ವರ್ಷ ನಾನು ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೆ. ಅವರೆಕಾಳು ಕಲ್ಲಿನಂತೆ ಉಳಿದು, ಇಡೀ ಪಾತ್ರೆ ಚೆಲ್ಲಬೇಕಾಯಿತು. ಅಂದು ಅಡುಗೆಮನೆಯಲ್ಲಿ ಅತ್ತದ್ದು ನೆನಪಿದೆ.

ಕಾಳು ಬೆಂದ ಮೇಲೆ ಗಜ್ಜರಿ, ಬದನೆ, ಚವಳಿಕಾಯಿ, ನೆನೆಸಿದ ಶೇಂಗಾ. ಆಮೇಲೆ ಸೊಪ್ಪು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆಯನ್ನು ಒರಳಲ್ಲಿ ತರಿತರಿಯಾಗಿ ಕುಟ್ಟಿದ್ದು. ಹುಣಸೆರಸ, ಅರಿಸಿನ, ಉಪ್ಪು. ಕೊನೆಗೆ ಕಡಲೆಹಿಟ್ಟು. ಹಿಟ್ಟನ್ನು ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ. ತಣ್ಣನೆಯ ಮಜ್ಜಿಗೆಯಲ್ಲಿ ಕೈಯಿಂದಲೇ ಕದಡಿ, ಒಬ್ಬರು ಎಳೆ ಎಳೆಯಾಗಿ ಸುರಿಯುತ್ತ, ಇನ್ನೊಬ್ಬರು ತಿರುವುತ್ತ ಇರಬೇಕು. ಆಮೇಲೆ ಸಣ್ಣ ಉರಿಯಲ್ಲಿ ಒಂದು ತಾಸು. ಮೊದಲು ಹಸಿಹಿಟ್ಟಿನ ವಾಸನೆ ಬರುತ್ತದೆ, ಅದು ಕಳೆದು ಬೆಂದ ಬೇಳೆಯ ಘಮ ಬರಬೇಕು. ಮೇಲಿನ ಗುಳ್ಳೆಗಳು ಪುಸ್ ಪುಸ್ ಎಂದು ಭಾರವಾಗಿ ಒಡೆಯಬೇಕು. ಆಯಿ ಕಣ್ಣು ಮುಚ್ಚಿ ಆ ಸದ್ದನ್ನು ಕೇಳುತ್ತ ಕೂರುತ್ತಿದ್ದರು. ಸದ್ದು ಬದಲಾದ ಕೂಡಲೇ ಕಟ್ಟಿಗೆ ಹಿಂದಕ್ಕೆಳೆಯುತ್ತಿದ್ದರು. ರಾತ್ರಿಯೆಲ್ಲ ಪಾತ್ರೆ ಒಲೆಯ ಕೆಂಡದ ಮೇಲೇ. ಬೆಳಿಗ್ಗೆ ಹೊತ್ತಿಗೆ ಒಂದೊಂದು ಕಾಳಿಗೂ ಹುಳಿ ಇಳಿದಿರುತ್ತಿತ್ತು. ಭಜ್ಜಿಯನ್ನು ಬಿಸಿಯಾಗಿ ಉಣ್ಣುವವರು ಅದರ ರುಚಿ ಅರಿಯದವರು.

ಹೊಲದಲ್ಲಿ ಜೋಳದ ದಂಟಿನ ಪುಟ್ಟ ಗುಡಿಸಲು, ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳು. ಪಾಂಡವರು. ಪೂಜೆಯಾದ ಮೇಲೆ ಅಜ್ಜ ಭಜ್ಜಿ, ಕಡುಬು, ಅಂಬಲಿಯನ್ನು ಕಲಸಿಕೊಂಡು ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತ ಹೋಗುತ್ತಿದ್ದರು, ನಾವು ಹಿಂದೆ ಕೂಗುತ್ತ ಓಡುತ್ತಿದ್ದೆವು. ಆಮೇಲೆ ಕಂಬಳಿ ಹಾಸಿ ಊಟ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುವುದು ಪದ್ಧತಿ. ಎಳ್ಳಮಾವಾಸ್ಯೆಯ ದಿನ ಯಾರೂ ಹಸಿದು ಹೋಗಬಾರದು ಎಂದು ಆಯಿ ಹೇಳುತ್ತಿದ್ದರು, ಹಾಗೆಯೇ ನಡೆದುಕೊಳ್ಳುತ್ತಿದ್ದರು. ಅವರು ಬಡಿಸುವ ಕೈ ಎಂದೂ ಹಿಡಿತದ ಕೈಯಲ್ಲ. ಇದನ್ನು ನಾನು ಇಂದಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ಸೊಪ್ಪು ತಂದುಕೊಟ್ಟ ಆ ತಾಯಿಯ ಮನೆಯವರು ನಮ್ಮ ಕಂಬಳಿಯ ಮೇಲೆ ಕೂರುತ್ತಿರಲಿಲ್ಲ. ಬದುವಿನ ಆಚೆ, ಜಾಲಿಮರದ ಕೆಳಗೆ ಅವರು ಕೂರುತ್ತಿದ್ದರು. ತಾಟು ಅವರೇ ತಂದುಕೊಳ್ಳುತ್ತಿದ್ದರು. ಆಯಿ ನಡೆದುಹೋಗಿ, ಸೌಟು ತಾಟಿಗೆ ತಾಗದಂತೆ ಮೇಲಿನಿಂದ ಬಡಿಸುತ್ತಿದ್ದರು. ತುಂಬ ಬಡಿಸುತ್ತಿದ್ದರು, ಸಾಕೆಂದರೂ ಇನ್ನೊಂದು ಸೌಟು. ಆ ಔದಾರ್ಯವೂ ಆ ಎತ್ತರವೂ ಒಂದೇ ಕೈಯಲ್ಲಿದ್ದವು. ಎರಡನ್ನೂ ಬಿಡಿಸಿ ನೋಡಲು ನನಗೆ ಬಹಳ ವರ್ಷ ಬೇಕಾಯಿತು.

ಆ ತಾಯಿಗೆ ನನ್ನ ವಯಸ್ಸಿನದೇ ಒಬ್ಬ ಮಗಳಿದ್ದಳು. ನನಗೆ ಒಂಬತ್ತು ವರ್ಷವಾಗಿದ್ದ ಎಳ್ಳಮಾವಾಸ್ಯೆಯ ಬೆಳಿಗ್ಗೆ ನಾವಿಬ್ಬರೂ ಕಡಲೆಸಾಲಿನಲ್ಲಿ ಕೂತು ಹಸಿಕಾಯಿ ಕಿತ್ತು ತಿಂದಿದ್ದೆವು. ಇಬ್ಬನಿ ಇನ್ನೂ ಆರಿರಲಿಲ್ಲ. ಬೆರಳುಗಳೆಲ್ಲ ಹುಳಿಯಾಗಿ, ಒಬ್ಬರ ಬೆರಳನ್ನು ಇನ್ನೊಬ್ಬರು ನೆಕ್ಕಿ ಯಾರದು ಹೆಚ್ಚು ಹುಳಿ ಎಂದು ಪಂದ್ಯ ಕಟ್ಟಿದ್ದೆವು. ಊಟದ ಹೊತ್ತಿಗೆ ನಾನು ನನ್ನ ರೊಟ್ಟಿ ಹಿಡಿದುಕೊಂಡು ಬದು ದಾಟಿ ಅವಳ ಪಕ್ಕ ಹೋಗಿ ಕೂತೆ. ಅವಳ ತಾಟಿನಿಂದ ಒಂದು ತುತ್ತು ಭಜ್ಜಿ ತೆಗೆದುಕೊಳ್ಳುವಷ್ಟರಲ್ಲಿ ಆಯಿ ಕರೆದರು. ಬೈಯಲಿಲ್ಲ, ಗದರಲಿಲ್ಲ. ಮೆಲ್ಲಗೆ ನನ್ನ ಹೆಸರು ಕರೆದರು. ನಾನು ಎದ್ದು ಬಂದೆ. ಕಂಬಳಿಯ ಮೇಲೆ ಕೂರಿಸುವ ಮೊದಲು ಆಯಿ ಚಂಬಿನಿಂದ ನೀರು ಹಾಕಿ ನನ್ನ ಕೈ ತೊಳೆಸಿದರು. ಒಂದೊಂದೇ ಬೆರಳು ತಿಕ್ಕಿ ತೊಳೆಸಿದರು. ಬದುವಿನ ಆಚೆಯಿಂದ ಆ ಹುಡುಗಿ ನೋಡುತ್ತಿದ್ದಳು.

ಇಷ್ಟು ವರ್ಷ ಎಳ್ಳಮಾವಾಸ್ಯೆಯ ಬಗ್ಗೆ ಯಾರಿಗೆ ಹೇಳುವಾಗಲೂ ನಾನು ಈ ಭಾಗವನ್ನು ಹೇಳುತ್ತಿರಲಿಲ್ಲ. ಎಲ್ಲರೂ ಕೂಡಿ ಉಣ್ಣುವ ಹಬ್ಬ ಎನ್ನುತ್ತಿದ್ದೆ. ಭಜ್ಜಿಯಲ್ಲಿ ಎಲ್ಲ ಕಾಳೂ ಕೂಡುವಂತೆ ಮನುಷ್ಯರೂ ಕೂಡುತ್ತಿದ್ದರು ಎಂದು ಒಮ್ಮೆ ಸಭೆಯೊಂದರಲ್ಲಿ ಹೇಳಿ ಚಪ್ಪಾಳೆಯನ್ನೂ ಪಡೆದಿದ್ದೆ. ಕಡಲೆಗಿಡದ ಹುಳಿ ಆ ಸಂಜೆ ತುಟಿಗೆ ತಾಗಿದಾಗ ಮೊದಲು ಕಣ್ಣಿಗೆ ಬಂದದ್ದು ಭಜ್ಜಿಯ ಪಾತ್ರೆಯಲ್ಲ, ಆ ಚಂಬಿನ ನೀರು.

ಭಜ್ಜಿ ಮಾಡಿದೆ. ಕಾಳು ಬಿಡಿಸಲು ಮೂರು ತಾಸು ಹಿಡಿಯಿತು. ಮಗಳು ಒಂದಿಷ್ಟು ಹೊತ್ತು ಜೊತೆಗೆ ಕೂತಳು. ಫ್ರೀಜರ್‌ನ ಬಟಾಣಿ ತರಬಹುದಿತ್ತಲ್ಲ ಎಂದು ಕೇಳಿದಳು. ಎಲ್ಲವನ್ನೂ ಕೈಯಾರೆ ಬಿಡಿಸಿಯೇ ಮಾಡಬೇಕೆಂಬ ಹಟ ಅಂದು ನನಗೆ. ಸ್ಟೀಲ್ ಪಾತ್ರೆ, ಗ್ಯಾಸ್ ಒಲೆ, ಅದೇ ಕ್ರಮ, ಅದೇ ಹದ. ಸದ್ದು ಬದಲಾದದ್ದೂ ಕೇಳಿಸಿತು. ಬೆಳಿಗ್ಗೆ ರುಚಿ ನೋಡಿದರೆ ಚೆನ್ನಾಗಿತ್ತು, ಆದರೆ ಅದಾಗಿರಲಿಲ್ಲ. ಹುಣಸೆಯ ಹುಳಿ ಇತ್ತು. ಅದರ ಹಿಂದೆ ಇನ್ನೊಂದು ಹುಳಿ, ತೆಳ್ಳಗೆ, ಹಸಿರಾಗಿ ಬರುತ್ತಿತ್ತಲ್ಲ, ಅದು ಇರಲಿಲ್ಲ.

ಊರಿಗೆ ಫೋನು ಮಾಡಿದೆ. ಅಣ್ಣ ಹೊಲದಲ್ಲಿದ್ದ. ಕಡಲೆಯೊಂದನ್ನು ಬಿಟ್ಟರೆ ಅವರ ಭಜ್ಜಿಗೂ ಕಾಳು, ಸೊಪ್ಪು ಎಲ್ಲ ಭಾಲ್ಕಿಯ ಸಂತೆಯಿಂದಲೇ ಬಂದಿತ್ತು. ಮುಂಗಾರಿಗೆ ಇಡೀ ಹೊಲ ಸೋಯಾ, ಅದು ಕೊಯ್ದ ಮೇಲೆ ಇಡೀ ಹೊಲ ಕಡಲೆ. ನೀರಿದ್ದವರದು ಕಬ್ಬು. ಕೂರಿಗೆ ಹೋಗಿ ಟ್ರ್ಯಾಕ್ಟರ್ ಬಂತು, ಅಕ್ಕಡಿ ಸಾಲು ಹೋಯಿತು. ಹತ್ತರಕಿ ಎಲ್ಲಿದೆ ಎಂದು ಕೇಳಿದೆ. ಕಳೆನಾಶಕ ಹೊಡೆದ ನೆಲದಲ್ಲಿ ಅದೆಲ್ಲಿ ಏಳಬೇಕು ಎಂದ. ಅವನನ್ನು ದೂರಲಾರೆ. ಸೋಯಾ ಬಂದ ಮೇಲೆಯೇ ಅವನ ಸಾಲ ತೀರಿದ್ದು, ಮಕ್ಕಳು ಓದಿದ್ದು. ಅಕ್ಕಡಿ ಬೇಸಾಯ ಬೇಕೆಂದು ಬೆಂಗಳೂರಿನಲ್ಲಿ ಕೂತು ಹೇಳುವುದು ನನಗೆ ಸುಲಭ. ಆ ಸಾಲುಗಳ ನಡುವೆ ಬಗ್ಗಿ ಕಳೆ ತೆಗೆಯುತ್ತಿದ್ದ ಬೆನ್ನು ನನ್ನದಾಗಿರಲಿಲ್ಲ, ಅಣ್ಣನದೂ ಆಗಿರಲಿಲ್ಲ.

ಆ ಹುಡುಗಿಯ ನಂಬರು ನನ್ನ ಹತ್ತಿರ ಇತ್ತು. ಹಿಂದಿನ ವರ್ಷ ಊರಿನ ಮದುವೆಯೊಂದರಲ್ಲಿ ಸಿಕ್ಕಿದ್ದಳು. ಹುಡುಗಿ ಎಂದು ಬರೆದೆ, ಈಗ ಅವಳಿಗೂ ನನ್ನಂತೆ ಮೊಮ್ಮಕ್ಕಳ ವಯಸ್ಸು. ಮಗ ಪುಣೆಯಲ್ಲಿ ದುಡಿದು ಕಳಿಸಿದ ಹಣದಲ್ಲಿ ಎರಡು ಎಕರೆ ಕೊಂಡು ತಾನೇ ಮಾಡಿಸುತ್ತಿದ್ದಾಳೆ. ಅವಳ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಅದೇ ಮಾತಾಯಿತು. ಆಮೇಲೆ ಸಂಕೋಚದಿಂದಲೇ ಕೇಳಿದೆ, ನಿಮ್ಮವ್ವ ತರುತ್ತಿದ್ದ ಸೊಪ್ಪಿನಲ್ಲಿ ಹುಳಿಹುಳಿಯಾಗಿ ಇನ್ನೊಂದು ಇರುತ್ತಿತ್ತಲ್ಲ, ಅದೇನು?

“ಕಡಲೀ ಕುಡಿರೀ,” ಅಂದಳು. “ಚಿವುಟಿ ತರ್ತಿದ್ಳು. ತೊಳೀಬಾರದು ಅದನ್ನ. ತೊಳದ್ರ ಹುಳಿ ನೀರಿಗಿ ಹೋಗ್ತದ.”

ಕಡಲೆಯ ಕುಡಿ ಚಿವುಟುವುದು ಹೊಲದ ಕೆಲಸವೂ ಹೌದು. ಗಿಡ ಎಳೆಯದಿರುವಾಗ ತುದಿ ಚಿವುಟಿದರೆ ಪಕ್ಕಕ್ಕೆ ಟಿಸಿಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ತಡವಾಗಿ ಬಿತ್ತಿದ ಸಾಲಿನ ಕುಡಿಗಳನ್ನು ಆ ತಾಯಿ ಹಬ್ಬಕ್ಕೆಂದೇ ಬಿಟ್ಟಿರುತ್ತಿದ್ದರಂತೆ. ಮಡಿಲಿನ ತಳದಲ್ಲಿ ಬೇರೆಯಾಗಿ ಕಟ್ಟಿ ತಂದು, ತೊಳೆಯಬೇಡಿರೆಂದು ಪ್ರತಿವರ್ಷ ಹೇಳಿ ಕೊಡುತ್ತಿದ್ದರಂತೆ. ಆಯಿಯ ಕೈಗುಣದಲ್ಲಿ ಒಂದು ಪಾಲು ಆ ಬೆರಳುಗಳದ್ದು. ಊರಲ್ಲಿ ಯಾರೂ ಆ ಮಾತು ಆಡಲಿಲ್ಲ, ಆಯಿಯೂ ಆಡಲಿಲ್ಲ. ನಾನು ಆಯಿಯ ಮೊಮ್ಮಗಳು. ಅವರ ಪ್ರೀತಿಯಲ್ಲಿ ಬೆಳೆದವಳು. ಆದರೂ ಇದನ್ನು ನಾನು ಬರೆಯಲೇಬೇಕು.

ಮಾತಾಡುತ್ತಲೇ ನನ್ನ ಕಣ್ಣು ಬಾಲ್ಕನಿಯ ಮೂಲೆಗೆ ಹೋಯಿತು. ಕಾಯಿ ಬಿಡಿಸಿ ಉಳಿದ ಕಡಲೆಗಿಡದ ರಾಶಿ ಕಸದ ಬುಟ್ಟಿಯ ಪಕ್ಕದಲ್ಲಿ ಬಿದ್ದಿತ್ತು. ಎಲೆಗಳು ಹಳದಿಯಾಗಿದ್ದರೂ ಕೆಲವು ತುದಿಗಳಲ್ಲಿ ಇನ್ನೂ ಹಸಿರಿತ್ತು. ಯಾವ ಹೊಲದ್ದೋ, ಏನು ಔಷಧ ಹೊಡೆದಿದ್ದಾರೋ, ತೊಳೆಯದೆ ಹಾಕುವ ಧೈರ್ಯ ನನಗೆ ಆಗಲಿಲ್ಲ. ತೊಳೆದು ಹಾಕಿದರೆ ಹುಳಿ ಇರುವುದಿಲ್ಲ. ಕೊನೆಗೆ ಹಾಕದೇ ಬಿಟ್ಟೆ.

“ಈಗೂ ನೀನು ಹಾಂಗೇ ಮಾಡ್ತಿಯೇನು, ನಮ್ಮ ಮನಿ ಭಜ್ಜಿ?” ಎಂದು ಕೇಳಿದೆ.

ಅವಳು ತಟ್ಟನೆ ಉತ್ತರಿಸಲಿಲ್ಲ. ಹಿನ್ನೆಲೆಯಲ್ಲಿ ಮಕ್ಕಳ ಕೂಗು ಕೇಳುತ್ತಿತ್ತು. ಅವರೂ ಹೊಲದಲ್ಲಿದ್ದರು, ಚರಗ ಚೆಲ್ಲುವ ಹೊತ್ತು. ಆಮೇಲೆ ಅವಳು ಹೇಳಿದಳು: “ನಿಮ್ಮ ಮನಿ ಭಜ್ಜಿ ನಾವು ವರ್ಷಾ ಉಂಡೀವಿರಿ. ನಮ್ಮ ಮನಿ ಭಜ್ಜಿ ನೀವು ಒಮ್ಮಿನೂ ಉಂಡಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತೇನೋ. ಅವರ ಮನೆಯಲ್ಲೂ ಭಜ್ಜಿ ಮಾಡುತ್ತಿದ್ದರು, ಅದಕ್ಕೂ ಒಂದು ಹದ, ಒಂದು ರುಚಿ ಇತ್ತು ಎಂಬುದೇ ಐವತ್ತು ವರ್ಷ ನನ್ನ ತಲೆಗೆ ಬಂದಿರಲಿಲ್ಲ. ಚಂಬಿನ ನೀರಿನ ಆ ದಿನ ಅವಳಿಗೆ ನೆನಪಿದೆಯೋ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವಳು ಮರೆತಿದ್ದರೆ ನೆನಪಿಸಲು ನಾನ್ಯಾರು? ನೆನಪಿದ್ದರೆ, ಅದನ್ನು ಹೇಳಬೇಕೋ ಬೇಡವೋ ಎಂಬುದು ಅವಳಿಗೆ ಬಿಟ್ಟದ್ದು.

“ಬರೋ ವರ್ಷ ಎಳ್ಳಮಾಸಿಗಿ ನಿಮ್ಮ ಹೊಲಕ್ಕ ಬರಲೇನು?” ಎಂದೆ.

“ಬರ್ರಿ,” ಅಂದಳು. ಒಂದು ಕ್ಷಣ ಬಿಟ್ಟು ಸೇರಿಸಿದಳು. “ಆದ್ರ ಊಟದ ಹೊತ್ತಿಗಿ ಬರಬ್ಯಾಡ್ರಿ. ಹಿಂದಿನ ದಿನಾನೇ ಬರ್ರಿ, ಕಾಯಿ ಬಿಡಸ್ಲಿಕ್ಕ.”